ಒಲೆಯ ಕಡೆ ತಿರುಗಿದ ಟಿವಿ

ಆ ಟಿವಿ ನನ್ನ ಮದುವೆಗೆ ಗುರುಗುಂಟಾದಿಂದ ನನ್ನ ಅಪ್ಪ ಕೊಟ್ಟದ್ದು. ಆದರೆ ತುರ್ವಿಹಾಳದ ಗಂಡನ ಮನೆಯಲ್ಲಿ ನನಗೆ ಕಂಡದ್ದು ಅದರ ಬೆನ್ನು ಮಾತ್ರ. ಟಿವಿ ನೋಡಿ ಕುತ್ತಿಗೆ ನೋಯುತ್ತದೆಂದು ಅತ್ತೆ ಹೇಳಿದ್ದೇ ತಡ, ಗಂಡ ಸಿಂಧನೂರಿನಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಮಾಡುವವರ ಹತ್ತಿರ ಗೋಡೆಗೆ ಹಾಕುವ, ಎತ್ತ ಬೇಕಾದರೂ ತಿರುಗುವ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ ತಂದರು. ಅತ್ತೆ ಟಿವಿಯನ್ನು ಮಂಚದ ಕಡೆ ತಿರುಗಿಸಿಕೊಂಡು ಮಲಗಿಯೇ ನೋಡುತ್ತಿದ್ದರು.

ಭಾನುವಾರ ಸಂಜೆ ಸಿನಿಮಾ ಬರುವಾಗ ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಪಡಸಾಲೆಯಲ್ಲಿ ಅತ್ತೆ ನಕ್ಕರೆ, ಯಾಕೆಂದು ನೋಡಲು ಬಾಗಿಲಿಗೆ ಬರುತ್ತಿದ್ದೆ.

"ರೊಟ್ಟಿ ಹೊತ್ತಾಕತ್ತೈತಿ, ಒಲಿ ಕಡಿ ನೋಡು," ಎನ್ನುತ್ತಿದ್ದರು, ನನ್ನತ್ತ ತಿರುಗದೆಯೇ.

ಸಹಿಸಿಕೊಂಡೆ, ಮರೆಯಲಿಲ್ಲ. ಅತ್ತೆ ಮಸ್ಕಿಗೆ ಮಗಳ ಮನೆಗೆ ಹೋದ ದಿನ ಟಿವಿಯನ್ನು ಅಡುಗೆಮನೆಯ ಕಡೆ ತಿರುಗಿಸಿ, ಗಂಡನ ಟ್ರ್ಯಾಕ್ಟರಿನ ಪಾನಾ ಹಚ್ಚಿ, ಹಲ್ಲು ಕಚ್ಚಿ ಸ್ಟ್ಯಾಂಡಿನ ಬೋಲ್ಟ್ ಬಿಗಿದೆ. ಪಾನಾವನ್ನು ಜೋಳದ ಚೀಲದೊಳಗೆ ಬಚ್ಚಿಟ್ಟೆ.

ಮರಳಿ ಬಂದ ಅತ್ತೆ ಸ್ಟ್ಯಾಂಡನ್ನು ಜಗ್ಗಿದರು, ನೂಕಿದರು. "ಯಾಕ ತಿರಗವಲ್ದು ಇದು?"

"ತುಕ್ಕು ಹಿಡಿದಿರಬೇಕ್ರಿ ಅತ್ತಿ," ಎಂದೆ. ಗಂಡ ಪಾನಾ ಹುಡುಕಿದರು, ಸಿಗಲಿಲ್ಲ.

ಆ ಭಾನುವಾರ ಸಿನಿಮಾ ಶುರುವಾಯಿತು. ಮಂಚದಿಂದ ಏನೂ ಕಾಣದೆ ಅತ್ತೆ ಎದ್ದು ಬಂದು ಒಲೆಯ ಮುಂದೆ ಕುಳಿತರು. ಹೊಗೆಗೆ ಕಣ್ಣೊರೆಸಿಕೊಳ್ಳುತ್ತ ಟಿವಿ ನೋಡತೊಡಗಿದರು. ನಾನು ಹಂಚಿನ ಮೇಲೊಂದು ರೊಟ್ಟಿ ಹಾಕಿ, ಹಿಂದೆ ಸರಿದು, ಗೋಡೆಗೆ ಒರಗಿ ಕಾಲು ಚಾಚಿದೆ.

"ರೊಟ್ಟಿ ಹೊತ್ತಾಕತ್ತೈತ್ರಿ ಅತ್ತಿ, ಒಲಿ ಕಡಿ ನೋಡ್ರಿ," ಎಂದೆ, ಟಿವಿಯಿಂದ ಕಣ್ಣು ತೆಗೆಯದೆ.