ಎಂಟನ್ನು ಒಂಬತ್ತು ಎನ್ನದ ನಿಷತ

ಸಿಂದಗಿ ಬಸ್ ನಿಲ್ದಾಣದಿಂದ ಕಲಬುರಗಿಯ ಮೊದಲ ಬಸ್ಸು ಹೊರಡುವ ಹೊತ್ತಿಗೆ ನಿಷತ ಅರ್ಧ ಕೆಲಸ ಮುಗಿಸಿರುತ್ತಾರೆ. ಧೂಳು ಏಳುವ ಮೊದಲು ಅಂಗಡಿಯೊಳಗೆ ಬೀಳುವ ಓರೆಬಿಸಿಲೇ ಅವರಿಗೆ ಬೇಕಾದ ಬೆಳಕು. ಕಣ್ಣಿಗೆ ಪುಟ್ಟ ಭೂತಗನ್ನಡಿ ಸಿಕ್ಕಿಸಿ, ಬೆಳ್ಳಿ ರೂಪಾಯಿಯನ್ನು ಅಂಚಿನಲ್ಲಷ್ಟೇ ಹಿಡಿದು, ಉಸಿರು ಬಿಗಿಹಿಡಿದು ಹೊರಳಿಸುತ್ತಾರೆ. ಉಸಿರಿನ ತೇವ ತಾಗಿದರೂ ಕಲೆಯಾದೀತೆಂಬ ಅಂಜಿಕೆ.

"ಇನ್ನೊಬ್ಬರ ವಸ್ತು ಕೈಯಾಗ ಇರೂತನಕ ಜೀವದಾಗ ಜೀವ ಇರಂಗಿಲ್ರಿ," ಎನ್ನುತ್ತಾರೆ.

ನಲವತ್ಮೂರರ ನಿಷತ ಹಳೆಯ ನಾಣ್ಯಗಳ ದರ್ಜೆ ಅಳೆದು ಬೆಲೆ ಅಂದಾಜಿಸುವವರು. ತಂದೆ ಕಾಸಿಂಸಾಬ ಇದೇ ಅಂಗಡಿಯಲ್ಲಿ ಕೈಗಡಿಯಾರ ರಿಪೇರಿ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಮಗಳು ಕುಳಿತರೂ ಗಿರಾಕಿಗಳು ಕರಗಿದರು. ಗಡಿಯಾರ ಕೊಡಲು ಬಂದ ಬಸವನ ಬಾಗೇವಾಡಿಯ ನಾಣ್ಯ ಸಂಗ್ರಾಹಕ ಗುರುನಾಥ ಮಾಸ್ತರರು ಈಕೆಯ ಕಣ್ಣಿನ ಸೂಕ್ಷ್ಮ ಕಂಡು ಆರು ವರ್ಷ ವಿದ್ಯೆ ಹೇಳಿಕೊಟ್ಟರು. ಈಗ ದಿನಕ್ಕೆ ಹದಿನೈದು ನಾಣ್ಯ, ದರ್ಜೆ, ಬೆಲೆ ಬರೆದು ಸಹಿ ಹಾಕಿದ ಚೀಟಿಗೆ ಐವತ್ತು ರೂಪಾಯಿ. ಹುಣಸೆಹಣ್ಣು ಹಾಕಿ ಫಳಫಳ ತಿಕ್ಕಿ ತಂದವರಿಗೆ, ತಿಕ್ಕಿದ್ದರಿಂದಲೇ ಬೆಲೆ ಹೋಯಿತೆಂದು ಹೇಳುವ ಮೊದಲು ನಾಣ್ಯವನ್ನು ಅವರ ಕೈಗೆ ಮರಳಿಸಿರುತ್ತಾರೆ. ಕೆಲವರು ಕೂಗಾಡುತ್ತಾರೆ.

ಕಳೆದ ಫೆಬ್ರುವರಿಯಲ್ಲಿ ಬಂದವನು ಕೂಗಾಡಲಿಲ್ಲ. ಝಳಕಿಯ ಕಡೆಯವನೆಂದು ಹೇಳಿಕೊಂಡ. ಒಳಗೆ ಬಂದವನೇ ಶಟರನ್ನು ಅರ್ಧಕ್ಕೆ ಎಳೆದು, ಮೇಜಿನ ಮೇಲೆ 1939 ಎಂದಿದ್ದ ಬೆಳ್ಳಿ ರೂಪಾಯಿ ಇಟ್ಟ. 1938ರದಾದರೆ ಸಾವಿರದ ಮಾತು. ಮರುವರ್ಷದ್ದು ಅಪರೂಪ, ಲಕ್ಷಗಳ ಮಾತು. ಮುದ್ದೇಬಿಹಾಳದ ನಿವೃತ್ತ ಗುಮಾಸ್ತ ಪರಮಾನಂದ ಕೊಳ್ಳಲು ಒಪ್ಪಿದ್ದರು. ನಿಷತರ ಚೀಟಿ ಇರಬೇಕೆಂಬುದೊಂದೇ ಅವರ ಷರತ್ತು.

ಅಚ್ಚಿನ ಗೆರೆಗಳು ಸವೆಯದೆ ಹೊಸದರಂತಿದ್ದವು. ಇಸವಿಯ ಕೊನೆಯ ಅಂಕಿಗೆ ಬಂದಾಗ ನಿಷತ ನಾಣ್ಯವನ್ನು ಬೆಳಕಿಗೆ ಓರೆಮಾಡಿದರು. 8ರ ಕೆಳಸುತ್ತಿನ ಎಡಬದಿ ಕೆರೆದು 9 ಮಾಡಿದ್ದರು. ಕೆರೆದಲ್ಲಿ ಬೆಳ್ಳಿಯ ಹೊಳಪೇ ಬೇರೆ. ಚೀಟಿಯಲ್ಲಿ 'ಅಂಕಿ ತಿದ್ದಿದೆ' ಎಂದು ಬರೆದರು. ಆತ ಓದಿ, ಹರಿದು, "ಇನ್ನೊಂದ ಬರಿ," ಎಂದ. ನಿಷತ ಬರೆದರು. ಅದರಲ್ಲೂ ಅದೇ ಎರಡು ಪದ.

"ಓದಿ ನಕ್ಕ ನೋಡ್ರಿ. ಬೈದಿದ್ರ ಅಷ್ಟು ಅಂಜಿಕಿ ಆಗ್ತಿದ್ದಿಲ್ಲ."

ಮರುದಿನದಿಂದ ರಸ್ತೆಯ ಆಚೆ ಅವನ ಬೈಕು. ಇಳಿಯುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ, ಎಂಜಿನ್ ಆರಿಸುತ್ತಿರಲಿಲ್ಲ. ಶೌಚಕ್ಕೆ ಅವನೆದುರಿನ ಒಂದೇ ಬಾಗಿಲಿನಿಂದ ಹೊರಗೆ ಹೋಗಬೇಕಾದೀತೆಂದು ನಿಷತ ನೀರು ಕುಡಿಯುವುದನ್ನೇ ಬಿಟ್ಟರು. ಒಂಬತ್ತನೇ ದಿನ ಪರಮಾನಂದರ ಫೋನು ಬಂತು. ನಾಣ್ಯ ಅಸಲಿಯೆಂದು ಮಾರುವವನು ನಿಮ್ಮ ಸಹಿಯ ಚೀಟಿ ತೋರಿಸುತ್ತಿದ್ದಾನೆ, ನಾಳೆ ಹಣ ಕೊಡುವವನಿದ್ದೇನೆ, ಸಹಿ ನಿಮ್ಮದೇ ತಾನೆ ಎಂದು ಕೇಳಿದರು. ಬೈಕು ಎದುರಿಗೇ ಇತ್ತು. ಆತ ಇವರ ತುಟಿಯನ್ನೇ ನೋಡುತ್ತಿದ್ದ.

"ನನ್ನ ಸಹಿ ಅಲ್ರಿ. ರೊಕ್ಕಾ ಕೊಡಬ್ಯಾಡ್ರಿ," ಎಂದರು. ದನಿ ಎಷ್ಟು ಸಣ್ಣಗಿತ್ತೆಂದರೆ ಪರಮಾನಂದರು ಎರಡು ಸಲ ಹೇಳಿಸಿಕೊಂಡರು.

ವ್ಯಾಪಾರ ಮುರಿಯಿತು. ಎರಡು ದಿನ ಬಿಟ್ಟು ಬೈಕು ಬರುವುದು ನಿಂತಿತು. ಯಾಕೆ ನಿಂತಿತೆಂದು ತಿಳಿಯದಿರುವುದೇ ಈಗಿನ ಭಯ. ಠಾಣೆಗೆ ಅರ್ಜಿ ಕೊಟ್ಟಿದ್ದಾರೆ. ಆದರೂ ಬೈಕಿನ ಸದ್ದಾದರೆ ಕೈ ನಿಲ್ಲುತ್ತದೆ; ನಾಣ್ಯವನ್ನು ಬಟ್ಟೆಯ ಮೇಲಿಟ್ಟು, ಸದ್ದು ದೂರವಾದ ಮೇಲಷ್ಟೇ ಎತ್ತಿಕೊಳ್ಳುತ್ತಾರೆ.

ಏನು ಬಯಕೆ ಎಂದು ಕೇಳಿದರೆ ನಿಷತ ಬಹಳ ಯೋಚಿಸುವುದಿಲ್ಲ.

"ಅಂಗಡಿಗೆ ಹಿಂದೊಂದು ಬಾಗ್ಲಾ ಆದ್ರ ಸಾಕ್ರಿ. ಅಂಜಿಕಿ ಹೋಗಂಗಿಲ್ಲ, ಗೊತ್ತೈತಿ. ಕಂಡದ್ದು ಬರಿಯೂದು ನಾನೂ ಬಿಡಂಗಿಲ್ಲ. ಎರಡೂ ಕೂಡೇ ಇರಬೇಕಲ್ಲ, ಅದಕ."