ಮಾವನ ಕಿವಿಗೆ ಬಿದ್ದ ಹಕ್ಕಿ

ನಮ್ಮ ಮಾವನವರ ಎಡಗಿವಿಯ ಅಂಚು ಅಂಗೈಯಂತೆ ಜಡ್ಡುಗಟ್ಟಿತ್ತು. ಹೆಣ್ಣು ಕೊಟ್ಟ ಆ ಮಾವ ಬಿಳಿಗೆರೆಯ ತೆಂಗು ಬೆಳೆಗಾರರು. ಒಣಗಿದ ಕಾಯಿಗಳನ್ನು ಆ ಕಿವಿಗೊತ್ತಿ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೇ ಎಂದು ಜೀವಮಾನವೆಲ್ಲ ಕೇಳಿದವರು. "ಇದು ಇನ್ನೊಂದ್ ತಿಂಗ್ಳು ಅಟ್ಟದ ಮೇಲಿರ್ಲಿ" ಎಂದರೆ ಮುಗಿಯಿತು, ಊರಲ್ಲಿ ಯಾರೂ ಆ ಕಾಯಿ ಒಡೆಯುತ್ತಿರಲಿಲ್ಲ.

ನಾನು ತಿಪಟೂರಿನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಹೇಳುತ್ತಿದ್ದ ಹೊಸ ಅಳಿಯ. ಮನೆಗೆ ಆಗಷ್ಟೇ ಕೇಬಲ್ ಟಿವಿ ಬಂದಿತ್ತು. ಅಮೆರಿಕದ ಎತ್ತರದ ಬೆಟ್ಟಗಳಲ್ಲಿ, ಹೂವಿನ ಮುಂದೆ ನಿಂತಲ್ಲೇ ಹಾರುವ ಹಮ್ಮಿಂಗ್ ಬರ್ಡ್ ನೋಡಿ ಮಾವ ಊಟ ಮರೆತಿದ್ದರು. ಮುಂದಿನ ವಾರ ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡದಲ್ಲಿ ಮನೆದೇವರಿಗೆ ಹೋಗಿ ಬಂದವರು ಬಾಗಿಲಲ್ಲೇ ಕೂಗಿದರು.

"ಅಳಿಯಂದ್ರೇ, ಸಿಕ್ತು ಕಣ್ರೀ! ಆ ಹಕ್ಕಿ ನಮ್ ಗುಡ್ಡದಲ್ಲೂ ಐತೆ!"

ನಕ್ಕುಬಿಟ್ಟೆ. "ಅದು ಅಮೆರಿಕ ಬಿಟ್ಟು ಬೇರೆಲ್ಲೂ ಇಲ್ಲ ಮಾವ. ನೀವು ನೋಡಿರೋದು ಸೂರಕ್ಕಿ."

"ಸೂರಕ್ಕಿ ಕೊಂಬೆ ಮೇಲೆ ಕೂತ್ಕಂಡು ಜೇನು ಹೀರ್ತದೆ. ಇದು ಕೂರ್ಲೇ ಇಲ್ಲ. ಗುಯ್ ಅಂತಿತ್ತು. ನನ್ ಕಿವಿ ಕೇಳೈತೆ."

ಅಷ್ಟಕ್ಕೇ ಬಿಡದೆ ಕೊಬ್ಬರಿ ಮಾರುಕಟ್ಟೆಯಲ್ಲೂ ಹೇಳಿಬಿಟ್ಟರು. ಅದು ಆ ಹಕ್ಕಿಯೇ ಅಲ್ಲ ಎಂದು ಕಾಲೇಜು ಮೇಷ್ಟ್ರಾದ ಅಳಿಯನೇ ಅಂದನಂತೆ ಎಂಬುದೂ ಹಬ್ಬಿತು. "ಯಜಮಾನ್ರ ಕಿವಿ ಹೋಯ್ತು ಬುಡು" ಎಂದು ಅಲ್ಲಿದ್ದವರು ಕಾಲೆಳೆದರು. ಮಾವ ಆರಿಸಿಕೊಟ್ಟ ಕಾಯಿಯನ್ನು ಒಬ್ಬ ಅವರೆದುರಿಗೇ ಇನ್ನೊಮ್ಮೆ ಅಲ್ಲಾಡಿಸಿ ನೋಡಿದ. ಅವತ್ತು ಮಾವ ಮುದ್ದೆ ಮುಟ್ಟಲಿಲ್ಲ. ನನಗೆ ನಾಚಿಕೆಯಾಯಿತು. ಗುಡ್ಡಕ್ಕೆ ಹೋಗಿಯೇ ನೋಡೋಣ ಎಂದೆ.

ಭಾನುವಾರ ಬೆಳಗ್ಗೆ ಲಂಟಾನದ ಪೊದೆಯ ಪಕ್ಕ ಕುಕ್ಕರುಗಾಲಲ್ಲಿ ಕೂತೆವು. ಸೂರಕ್ಕಿ ಬಂತು, ಕೂತಿತು, ಹೋಯಿತು. ಬಿಸಿಲೇರಿತು. ಇದ್ದಕ್ಕಿದ್ದಂತೆ ಮಾವ ನನ್ನ ತೋಳು ಹಿಡಿದು, "ಬಂತು!" ಎಂದರು. ನನಗೇನೂ ಕೇಳಿಸಲಿಲ್ಲ. ಆಮೇಲೆ ಕೇಳಿಸಿತು, ಗುಯ್! ಕಂದು ಮೈ, ಕಿತ್ತಳೆ ರೆಕ್ಕೆ, ಉದ್ದ ಕೊಕ್ಕು, ಹೂವಿನ ಮುಂದೆ ಗಾಳಿಯಲ್ಲೇ ನಿಂತಿದೆ! ನಾನು ಓದಿದ್ದೆಲ್ಲ ಸುಳ್ಳೇ?

ಮೆಲ್ಲಗೆ ಹತ್ತಿರ ಸರಿದೆವು. ಆ ಕೊಕ್ಕು ಸುರುಳಿ ಸುತ್ತಿಕೊಂಡಿತು.

"ಅಳಿಯಂದ್ರೇ, ಹಕ್ಕಿಗೆ ಮೀಸೆ ಇರ್ತದಾ?"

"ಮಾವ, ಇದು ಪತಂಗ! ಹಗಲಲ್ಲೇ ಹಾರೋ ಪತಂಗ. ಓದಿದ್ದೆ, ನೋಡೇ ಇರ್ಲಿಲ್ಲ!"

ಬೇಸರ ಮಾಡಿಕೊಳ್ಳುತ್ತಾರೆ ಅಂದುಕೊಂಡೆ. "ಹುಳಾನಾ? ಹುಳ ಹಕ್ಕಿ ವೇಷ ಹಾಕೈತಾ? ಅದಕ್ಕಿಂತ ಇದೇ ಭಾರಿ ಆಯ್ತಲ್ರೀ!" ಎಂದು ಪಂಚೆ ಎತ್ತಿ ಕಟ್ಟಿ ಕುಣಿದೇಬಿಟ್ಟರು.

ಮಾರುಕಟ್ಟೆಯಲ್ಲಿ ತಾವೇ ಸಾರಿದರು. "ಹಕ್ಕಿ ಅಲ್ಲ, ಪತಂಗ. ಕಣ್ಣು ಮೋಸ ಹೋಗಿತ್ತು ಕಣ್ರಪ್ಪಾ, ಕಿವಿ ಹೋಗಿರ್ಲಿಲ್ಲ." ನಾನು ಪಕ್ಕದಲ್ಲೇ ನಿಂತು ಹೌದೆಂದೆ. ನೋಡದೆ, ಕೇಳದೆ ತೀರ್ಪು ಕೊಟ್ಟವನು ನಾನೇ ಎಂದೂ ಒಪ್ಪಿಕೊಂಡೆ.

ಮಾವನ ಕೊನೆಯ ವರ್ಷದಲ್ಲಿ ಆ ಕಿವಿ ನಿಜಕ್ಕೂ ಮಂದವಾಯಿತು. ತೀರಿಕೊಳ್ಳುವ ಎರಡು ದಿನ ಮುಂಚೆ, ಕಾಲೇಜಿನ ಬೇಲಿಗೆ ಆ ಪತಂಗ ಬಂದಿತ್ತೆಂದು ಕೂಗಿ ಹೇಳಿದೆ. ಅವರಿಗೆ ಕೇಳಿಸಲಿಲ್ಲ. ಬಾಗಿ, ಜಡ್ಡುಗಟ್ಟಿದ ಆ ಕಿವಿಗೇ ಬಾಯಿಟ್ಟು "ಗುಯ್" ಎಂದೆ. ಮುಖ ಅರಳಿತು.

"ಕೂತ್ಕಂತಾ?"

ಇಲ್ಲವೆಂದು ತಲೆಯಾಡಿಸಿದೆ.

"ಮತ್ತೆ? ನಾನ್ ಹೇಳ್ಲಿಲ್ವಾ!"