ಕೆಂಪಿಂಕಿನ ಮೇಷ್ಟ್ರು ಬೇಸಿಕ್ ಕಲಿತದ್ದು

ತಪ್ಪು ಕಂಡರೆ ನನಗೆ ಕೈ ತುರಿಸುತ್ತದೆ. ಇದು ಗುಣವೋ ಕಾಯಿಲೆಯೋ ಇವತ್ತಿಗೂ ತೀರ್ಮಾನವಾಗಿಲ್ಲ. ಲಗ್ನಪತ್ರಿಕೆ ಕೈಗೆ ಬಂದರೆ ಗಂಡು ಯಾರು ಹೆಣ್ಣು ಯಾರು ಅಂತ ನೋಡುವ ಮೊದಲು ಅಚ್ಚಿನ ತಪ್ಪು ನೋಡುತ್ತೇನೆ. ಹುಣಸೂರಿನ ಒಂದು ಹೋಟೆಲಿನಲ್ಲಿ ತಿಂಡಿಯ ಬೋರ್ಡನ್ನು ಅಳಿಸಿ ಸರಿಯಾಗಿ ಬರೆಸಿದ ಮೇಲೇ ಇಡ್ಲಿ ಹೇಳಿದವನು ನಾನು. ಆ ಇಡ್ಲಿಯನ್ನು ಅವರು ಯಾವ ಮನಸ್ಸಿನಿಂದ ತಂದಿಟ್ಟರೋ, ನಾನಂತೂ ಸಂತೋಷವಾಗಿ ತಿಂದೆ. ಗಾವಡಗೆರೆ ಕಡೆಯ ಹೈಸ್ಕೂಲೊಂದರಲ್ಲಿ ಲೆಕ್ಕದ ಮೇಷ್ಟ್ರಾಗಿ ನಾನು ಸುರಿಸಿದ ಕೆಂಪಿಂಕು ಒಂದು ಕೊಡಕ್ಕೆ ಕಮ್ಮಿಯಿರಲಾರದು.

ಇಂಥವನ ಜೊತೆ ನನ್ನ ಹೆಂಡತಿ ಜಯಮ್ಮ ಹದಿನೆಂಟು ವರ್ಷ ಬಾಳಿದಳು. ಸಾರಿಗೆ ಉಪ್ಪು ಕಮ್ಮಿ, ಬಾಗಿಲಿಗೆ ಚಿಲಕ ಹಾಕಿದ್ದು ಸರಿಯಿಲ್ಲ, ನೀನು ಹೇಳಿದ ಗಾದೆ ಹಂಗಲ್ಲ ಹಿಂಗೆ. ಎಲ್ಲವನ್ನೂ ಕೇಳಿಸಿಕೊಂಡಳು. ಕೊನೆಗೆ ಒಂದು ದಿನ ಭೇರ್ಯದಲ್ಲಿದ್ದ ಅವಳ ತಾಯಿಗೆ ಕಾಗದ ಬರೆದು, ಅಂಚೆಗೆ ಹಾಕಿ ಅಂತ ನನ್ನ ಕೈಗೆ ಕೊಟ್ಟಳು. ನನ್ನ ಹಾಳು ಕೈ ಸುಮ್ಮನಿರಬೇಕಲ್ಲ? ಮೇಜಿನ ಮೇಲೆ ಪರೀಕ್ಷೆ ಪೇಪರುಗಳಿದ್ದವು, ಪೆನ್ನು ತೆರೆದಿತ್ತು. ಕಾಗದವನ್ನೂ ತಿದ್ದಿ, ಕೆಳಗೆ ಹತ್ತಕ್ಕೆ ಆರು ಅಂತ ಹಾಕಿಬಿಟ್ಟೆ. ತಮಾಷೆ ಅಂದುಕೊಂಡು ಅವಳಿಗೇ ತೋರಿಸಿದೆ. ಅವಳು ಅದನ್ನು ಓದಿ, ಮಡಚಿ, ಬ್ಯಾಗಿಗೆ ಹಾಕಿಕೊಂಡು, "ನಾನೇ ಕೊಟ್ಕತೀನಿ ಬುಡಿ" ಅಂದು ಕೆ.ಆರ್. ನಗರದ ಬಸ್ಸು ಹತ್ತಿದಳು. ಐದು ತಿಂಗಳಾದರೂ ವಾಪಸ್ಸು ಬರಲಿಲ್ಲ.

ಯಾರಾದರೂ "ಅಮ್ಮಾವ್ರು ಇನ್ನೂ ಬರ್ನಿಲ್ವಾ ಮೇಷ್ಟ್ರೇ?" ಅಂತ ಕೇಳಿದರೆ ಅವರ ತಾಯಿಗೆ ಹುಷಾರಿಲ್ಲ ಅನ್ನುತ್ತಿದ್ದೆ. ನಮ್ಮತ್ತೆ ಆಗ ಗುಂಡುಕಲ್ಲಿನಂತಿದ್ದರು. ನಮಗೆ ಮಕ್ಕಳಿಲ್ಲ. ಸಂಜೆ ಸ್ಕೂಲಿನಿಂದ ಬಂದು ಬೀಗ ತೆಗೆದರೆ ಬೆಳಗ್ಗೆ ಬಿಟ್ಟ ಲೋಟ ಬಿಟ್ಟಲ್ಲೇ ಇರುತ್ತಿತ್ತು. ಮುದ್ದೆ ತಿರುವಿದರೆ ಗಂಟು. ಗಂಟು ಅಂತ ಗದರೋಣವೆಂದರೆ ತಿರುವಿದವನು ನಾನೇ. ತಪ್ಪು ಹುಡುಕುವುದಕ್ಕೂ ಮನೆಯಲ್ಲಿ ಇನ್ನೊಬ್ಬರು ಬೇಕು ಸ್ವಾಮಿ.

ಆ ಸಂಜೆಗಳಿಂದ ತಪ್ಪಿಸಿಕೊಳ್ಳಲು ನಾನು ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದು. ಜ್ಞಾನದಾಹ ಗೀನದಾಹ ಏನೂ ಇರಲಿಲ್ಲ. ತೊಂಬತ್ತರ ದಶಕದ ನಡುಮಧ್ಯ. ಹುಣಸೂರಿನಲ್ಲಿ ಒಂದು ಬಿತ್ತನೆ ಬೀಜದ ಅಂಗಡಿಯ ಮಹಡಿ ಮೇಲೆ ಹೊಸದಾಗಿ ಕಂಪ್ಯೂಟರ್ ಸೆಂಟರ್ ಶುರುವಾಗಿತ್ತು. ಮೂರು ಕಂಪ್ಯೂಟರು, ಕಿಟಕಿಗೆ ದಪ್ಪ ಪರದೆ, ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ಒಳಗೆ ಕಾಲಿಟ್ಟವರೆಲ್ಲ ಗರ್ಭಗುಡಿಗೆ ಬಂದವರಂತೆ ಪಿಸುಮಾತಾಡುತ್ತಿದ್ದರು. ಕಲಿಸುವವಳು ಸುಧಾ, ನನ್ನದೇ ಹಳೇ ವಿದ್ಯಾರ್ಥಿನಿ. ಅವಳ ನೋಟ್‌ಬುಕ್ಕಿನ ಮೇಲೂ ನನ್ನ ಕೆಂಪು ಮಳೆ ಸುರಿದಿತ್ತು. ನನ್ನನ್ನು ನೋಡಿ ಎದ್ದು ನಿಂತಳು. ಹಳೇ ಹೆದರಿಕೆ ಪಾಪ.

ನಾವು ಕಲಿಯಬೇಕಾದ ಭಾಷೆಯ ಹೆಸರು ಬೇಸಿಕ್. ಭಾಷೆ ಅಂದರೆ ಹರಟೆ ಹೊಡೆಯುವ ಭಾಷೆಯಲ್ಲ. ಕಂಪ್ಯೂಟರಿಗೆ ಏನು ಮಾಡಬೇಕು ಅಂತ ಒಂದೊಂದೇ ಸಾಲು ಅಪ್ಪಣೆ ಕೊಡುವ ಭಾಷೆ. ಅಪ್ಪಣೆ ಕೊಡುವುದರಲ್ಲಿ ನಾನು ಪಳಗಿದವನು. ಒಂದು ಸಾಲು ಟೈಪ್ ಮಾಡಿ ಗುಂಡಿ ಒತ್ತಿದೆ. 'ಸಿಂಟ್ಯಾಕ್ಸ್ ಎರರ್' ಅಂತು. ಅಂದರೆ, ನಿನ್ನ ವಾಕ್ಯ ಸರಿಯಿಲ್ಲ. ಮತ್ತೆ ಹೊಡೆದೆ. ಸಿಂಟ್ಯಾಕ್ಸ್ ಎರರ್. ಆವರಣ ಚಿಹ್ನೆ ಮರೆತರೂ ಅದೇ, ಕಾಗುಣಿತ ಜಾರಿದರೂ ಅದೇ. ಒಂದು ಅಕ್ಷರದ ಮುಲಾಜಿಲ್ಲ, ವಯಸ್ಸಿನ ಗೌರವವಿಲ್ಲ. ಕಿವಿ ಬಿಸಿಯಾಯಿತು. ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಡೋಣ ಅನ್ನಿಸಿತು. ಹೋಗುವುದೆಲ್ಲಿಗೆ, ಆ ಮನೆಗೆ ತಾನೇ ಅಂತ ಕೂತೆ.

ಕೂತದ್ದಕ್ಕೆ ಒಂದು ವಿಷಯ ಕಾಣಿಸಿತು. 'ಸಿಂಟ್ಯಾಕ್ಸ್ ಎರರ್' ಅಂದಮೇಲೆ ಅದರ ಕೆಳಗಿನ ಸಾಲಿನಲ್ಲೇ ಆ ಯಂತ್ರ 'ಓಕೆ' ಅಂತಲೂ ಬರೆಯುತ್ತಿತ್ತು. ಇದೇನು ಹುಚ್ಚು, ತಪ್ಪು ಅಂದಮೇಲೆ ಓಕೆ ಹೇಗಾಗುತ್ತೆ ಅಂತ ಸುಧಾಳನ್ನು ಕೇಳಿದೆ. ತಪ್ಪು ಹುಡುಕುವ ಅವಕಾಶ ಸಿಕ್ಕಿದ ಖುಷಿ ನನ್ನ ದನಿಯಲ್ಲಿ ಇದ್ದಿರಲೇಬೇಕು. ಅವಳು ನಕ್ಕು, "ನಾನು ರೆಡಿ ಇದ್ದೀನಿ, ಇನ್ನೊಂದ್ಸಲ ಹೇಳಿ ಅಂತ ಅರ್ಥ ಸಾರ್" ಅಂದಳು. ಇಷ್ಟು ವರ್ಷದಲ್ಲಿ ನಾನು ತಪ್ಪು ಅಂತ ಬರೆದ ಜಾಗಗಳೆಷ್ಟು! ಅದರ ಕೆಳಗೆ ಇನ್ನೊಂದು ಮಾತು ಬರೆದ ನೆನಪಿಲ್ಲ.

ನಮ್ಮಲ್ಲಿ ತಾಳೆಗರಿ ನಕಲು ಮಾಡುತ್ತಿದ್ದ ಲಿಪಿಕಾರರಿಗೆ ಈ ಸೂಕ್ಷ್ಮ ಗೊತ್ತಿತ್ತು. ಬೆನ್ನು ಬಾಗಿಸಿ, ಕಣ್ಣು ಸವೆಸಿ ಬರೆದಾದ ಮೇಲೆ, ತಪ್ಪಿದ್ದರೆ ತಿದ್ದಿಕೊಂಡು ಓದಿ ಅಂತ ಕೊನೆಯ ಗರಿಯಲ್ಲಿ ಕೈಮುಗಿಯುತ್ತಿದ್ದರು. ಓದುವುದನ್ನು ನಿಲ್ಲಿಸಿ ಅಂದವರಿಲ್ಲ. ನಾನೂ ಆ ಕಾಲದಲ್ಲಿದ್ದಿದ್ದರೆ ಗರಿಗಳಿಗೂ ಅಂಕ ಹಾಕುತ್ತಿದ್ದೆನೇನೋ.

ಬೇಸಿಕ್ಕಿನಲ್ಲಿ ಪ್ರತಿ ಸಾಲಿಗೂ ನಂಬರ್ ಹಾಕಬೇಕು. ಪುಸ್ತಕದಲ್ಲಿ ಹತ್ತು, ಇಪ್ಪತ್ತು, ಮೂವತ್ತು ಅಂತ ಇತ್ತು. ನಾನು ಒಂದು, ಎರಡು, ಮೂರು ಅಂತ ಹಾಕಿದೆ. ನಮ್ಮಪ್ಪ ರೈತ, ಬದುವಿನ ಮೇಲೂ ನಾಲ್ಕು ಅವರೆಕಾಳು ಊರುತ್ತಿದ್ದ ಆಸಾಮಿ. ಆತನ ಮಗ ಸುಮ್ಮಸುಮ್ಮನೆ ಒಂಬತ್ತು ನಂಬರು ಬೀಳು ಬಿಡುತ್ತಾನೆಯೇ? ಮಕ್ಕಳ ಅಂಕ ಕೂಡಿ ಸರಾಸರಿ ತೆಗೆಯುವ ಪ್ರೋಗ್ರಾಮು, ಹದಿನಾಲ್ಕು ಸಾಲು ಬರೆದೆ. ಬರೆದಾದ ಮೇಲೆ ನೋಡಿದರೆ ಎರಡಕ್ಕೂ ಮೂರಕ್ಕೂ ಮಧ್ಯೆ ಒಂದು ಸಾಲು ಮರೆತಿದ್ದೇನೆ. ತೂರಿಸಲು ಜಾಗವಿಲ್ಲ.

"ಮಧ್ಯ ಜಾಗ ಬುಡಬೇಕು ಸಾರ್," ಅಂದಳು ಸುಧಾ, ಮೆಲ್ಲಗೆ. "ಎಲ್ಲಾರೂ ಏನಾದ್ರೂ ಮರೀತಾರೆ. ಆಮೇಲೆ ಸೇರಿಸ್ಕಬೋದು." ಅಷ್ಟು ಹೇಳಿ ಪಕ್ಕದಲ್ಲೇ ಸ್ಟೂಲು ಎಳೆದುಕೊಂಡು ಕೂತು, ನಾನು ಹದಿನಾಲ್ಕು ಸಾಲನ್ನೂ ಮತ್ತೆ ಬರೆಯುವವರೆಗೆ ಎದ್ದು ಹೋಗಲಿಲ್ಲ. ಅವಳ ನೋಟ್‌ಬುಕ್ಕು ತಿದ್ದುವಾಗ ನಾನು ಒಂದು ದಿನವಾದರೂ ಹಾಗೆ ಕೂತಿರಲಿಲ್ಲ. ನಾಚಿಕೆಯಾಯಿತು. ಇದನ್ನು ಜಯಮ್ಮನಿಗೆ ಹೇಳಬೇಕು ಅನ್ನಿಸಿತು, ಬೇರೆ ಯಾರಿಗೂ ಅಲ್ಲ.

ಕಾಗದ ಬರೆಯಲು ಕೂತರೆ ನಾನು ಬರೆದದ್ದನ್ನು ನಾನೇ ತಿದ್ದಿ ತಿದ್ದಿ ಹರಿದುಹಾಕುವುದೇ ಆಯಿತು. ಸರಿ, ಭಾನುವಾರ ಬೆಳಗ್ಗೆ ಬಸ್ಸು ಹತ್ತಿದೆ. ಭೇರ್ಯ ತಲುಪುವ ಹೊತ್ತಿಗೆ ದಾರಿಯಲ್ಲಿ ಬಾಯಿಪಾಠ ಮಾಡಿದ ಮಾತೆಲ್ಲ ಉದುರಿಹೋಗಿತ್ತು. ಜಯಮ್ಮ ಜಗುಲಿಯ ಮೇಲೆ ಕೂತು ರಾಗಿ ಕೇರುತ್ತಿದ್ದಳು. "ಬನ್ನಿ, ಕುಂತ್ಕಳಿ" ಅಂದಳು, ಮೊರ ಕೆಳಗಿಡದೆ. ನಮ್ಮತ್ತೆ ಒಳಗಿನಿಂದ ಇಣುಕಿ, ನೀರು ಕೊಟ್ಟು, ಹಸು ನೋಡುವ ನೆಪದಲ್ಲಿ ಹಿತ್ತಿಲಿಗೆ ಹೋದರು.

"ಕಂಪ್ಯೂಟರ್ ಕಲೀತಿದ್ದೀನಿ" ಅಂದೆ. ಬೇರೇನು ಹೇಳಲಿ?

"ಅದೇನು ಮಾಡ್ತದೆ?"

"ನಾನು ಏನು ಬರೆದ್ರೂ ತಪ್ಪು ಅಂತದೆ."

ಮೊರ ನಿಂತಿತು. "ಸಿಟ್ಟು ಬರಲ್ವಾ ನಿಮ್ಗೆ?"

"ಬರುತ್ತೆ."

"ಎದ್ದು ಓಗ್ಬುಡಾನಾ ಅನ್ಸಲ್ವಾ?"

"ದಿನಾ ಅನ್ಸುತ್ತೆ."

"ಎಷ್ಟು ದಿನ ಆಯ್ತು ಸೇರಿ?"

"ಎರಡು ತಿಂಗಳು."

"ನಂಗೆ ಅದಿನೆಂಟು ವರ್ಸ" ಅಂದು ಅವಳು ಮತ್ತೆ ಕೇರತೊಡಗಿದಳು. ನಾನು ತಲೆ ಎತ್ತಲಿಲ್ಲ. ತಪ್ಪಾಯ್ತು ಜಯ ಅಂದೆ. ಅವಳು ಮೊರದಿಂದ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು.

ಊಟಕ್ಕೆ ಕರೆದಳು. ಬಿಸಿ ಮುದ್ದೆ, ಅವರೆಕಾಳು ಸಾರು. ಮೊದಲ ತುತ್ತು ಬಾಯಿಗಿಟ್ಟೆ, ಕಣ್ಣಲ್ಲಿ ನೀರು ಬಂತು. ಉಪ್ಪೋ ಉಪ್ಪು. ಸಮುದ್ರ. ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿ, ಎರಡನೇ ತುತ್ತೂ ನುಂಗಿ, ನೀರಿನ ಲೋಟಕ್ಕೆ ಕೈ ಹಾಕಿದೆ. ಜಯಮ್ಮ ಎದುರಿಗೆ ಕೂತು ನೋಡುತ್ತಿದ್ದಳು.

"ಬೇಕಂತ್ಲೇ ಆಕಿದ್ದೆ," ಅಂದಳು. "ಏನ್ ಮಾಡ್ತೀರೋ ನೋಡಾನ ಅಂತ."

"ನಾನು ಏನೂ ಅನ್ನಲಿಲ್ಲವಲ್ಲ?" ಅಂದೆ, ಪಾಸಾದ ಹುಡುಗನ ಹಾಗೆ.

"ಅದೂ ಸರಿಯಲ್ಲ ಕಣ್ರೀ. ಮೂಗನ ಜೊತೆ ಬಾಳೋಕಾಯ್ತದಾ? ಉಪ್ಪು ಜಾಸ್ತಿ ಆದ್ರೆ ಜಾಸ್ತಿ ಅನ್ನಿ. ಅಂದ್ಬುಟ್ಟು ಇನ್ನೊಂದು ತುತ್ತು ಉಣ್ಣಿ."

"ಉಪ್ಪು ಜಾಸ್ತಿ ಆಗಿದೆ ಜಯ" ಅಂದೆ. ಅಂದು, ತಟ್ಟೆ ಮುಂದೆ ಚಾಚಿ, ಇನ್ನೊಂದು ಸೌಟು ಬಡಿಸಿಕೊಂಡೆ.